ಲವೀನಾಳ ಓಟು

ನಾನು ದುಬೈಗೆ ಇಳಿದದ್ದು ಎರಡು ಸಾವಿರದ ಹದಿನಾರರ ಜೂನ್‌ನಲ್ಲಿ. ಬ್ರಿಟನ್ನಿನವರು ಯುರೋಪಿನ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂದು ಓಟು ಹಾಕುತ್ತಿದ್ದ ಗುರುವಾರ ಅದು. ಕಲ್ಯಾಣಪುರದಲ್ಲಿ ನನ್ನ ಜೊತೆ ಓದಿದ ಸ್ಟ್ಯಾನಿ ವಿಮಾನ ನಿಲ್ದಾಣಕ್ಕೆ ಬಂದಿದ್ದ. ಹೊರಗೆ ಕಾಲಿಟ್ಟರೆ ಅಬ್ಬಬ್ಬಾ, ಒಲೆಯ ಬಾಯಿಗೆ ಮುಖ ಕೊಟ್ಟ ಹಾಗೆ! ಟ್ಯಾಕ್ಸಿಯಲ್ಲಿ ಕೂತವನೇ ಅವನು, "ನಾಳೆ ಲಂಡನ್ನಿಂದ ಎಂತ ಸುದ್ದಿ ಬರ್ತದೋ ಮಾರಾಯ, ನಮ್ಮ ಬದುಕು ಅದರಲ್ಲೇ ಉಂಟು" ಅಂದ. ದುಬೈ ಹೋಟೆಲಿನಲ್ಲಿ ಬಡಿಸುವವನ ಬದುಕಿಗೂ ಲಂಡನ್ನಿಗೂ ಎಲ್ಲಿಯ ನಂಟು? ಅವಧಿಗೆ ಮೊದಲೇ ಮಾಸ್ತರಿಕೆಯಿಂದ ನಿವೃತ್ತನಾದರೂ ಪ್ರಶ್ನೆ ಕೇಳುವ ಚಟ ನನ್ನನ್ನು ಬಿಟ್ಟಿಲ್ಲ.

ವಿಷಯ ಹೀಗಿತ್ತು. ಸ್ಟ್ಯಾನಿಯ ಹೆಂಡತಿ ಲವೀನಾ ಮಡಗಾಂವಿನವಳು. ಅವಳ ತಾಯಿ ಹುಟ್ಟಿದ್ದು ಗೋವಾ ಪೋರ್ಚುಗೀಸರ ಕೈಯಲ್ಲಿದ್ದಾಗ. ಅಂಥವರ ಮಕ್ಕಳಿಗೂ ಪೋರ್ಚುಗಲ್ಲಿನ ಪಾಸ್‌ಪೋರ್ಟ್ ಸಿಗುತ್ತದೆ. ಪೋರ್ಚುಗಲ್ಲೂ ಆ ಒಕ್ಕೂಟದ್ದೇ ಆದ್ದರಿಂದ ಅದಿದ್ದರೆ ಇಂಗ್ಲೆಂಡಿಗೆ ಹೋಗಿ ನೆಲೆಸಬಹುದು, ಗಂಡನನ್ನೂ ಕರೆದುಕೊಂಡು ಹೋಗಬಹುದು. ಲವೀನಾಳ ಪಾಸ್‌ಪೋರ್ಟ್ ಅಬುಧಾಬಿಯಲ್ಲಿನ ಪೋರ್ಚುಗಲ್ ರಾಯಭಾರ ಕಚೇರಿಗೆ ಬಂದು ಕೂತಿತ್ತು. ಅದನ್ನು ತೆಗೆದುಕೊಂಡರೆ ಭಾರತದ್ದನ್ನು ಬಿಟ್ಟುಕೊಡಬೇಕು. ಇವತ್ತು ನಾಳೆ ಎಂದು ಅವಳು ಮುಂದೂಡುತ್ತಿದ್ದಳು. ಈಗ ಬ್ರಿಟನ್ ಹೊರಬಿದ್ದರೆ ಆ ದಾರಿ ಎಷ್ಟು ದಿನ ತೆರೆದಿರುತ್ತದೋ ಯಾರಿಗೆ ಗೊತ್ತು!

ಶುಕ್ರವಾರ ಬೆಳಿಗ್ಗೆ ಸ್ಟ್ಯಾನಿ ನನ್ನನ್ನು ತನ್ನ ಹೋಟೆಲಿಗೆ ತಿಂಡಿಗೆ ಕರೆದುಕೊಂಡು ಹೋದ. ರಂಜಾನ್ ತಿಂಗಳಾದ್ದರಿಂದ ಊಟದ ಕೋಣೆಗೆ ಸುತ್ತ ಪರದೆ. ಒಳಗೆ ಟೀವಿಯಲ್ಲಿ ಓಟಿನ ಫಲಿತಾಂಶ ಬಂದಾಗಿತ್ತು: ಬಿಡುವುದೇ ಸೈ. ತಿಂಗಳುಗಟ್ಟಲೆ ಅಲ್ಲೇ ಉಳಿದಿದ್ದ ಇಂಗ್ಲಿಷ್ ದಂಪತಿ, ಇಬ್ಬರೂ ಅಂಚೆಯಲ್ಲಿ ಓಟು ಕಳಿಸಿದ್ದರಂತೆ, ಗಂಡ ಬಿಡೋಣ ಎಂದು, ಹೆಂಡತಿ ಇರೋಣ ಎಂದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತೇವೆ. ಇವರು ತಿಂಡಿಗೇ ಬೇರೆ ಬೇರೆ ಮೇಜಿನಲ್ಲಿ ಕೂತಿದ್ದರು! ಆ ಕಡೆಗೆ ಮೊಟ್ಟೆ, ಈ ಕಡೆಗೆ ಚಹಾ ಎಂದು ಸ್ಟ್ಯಾನಿ ಇಬ್ಬರ ನಡುವೆ ಓಡಾಡಿದ. ಗಂಡ ಅವನ ಭುಜ ತಟ್ಟಿ, ಹೊರಗಿನಿಂದ ಬರುವವರು ಅತಿಯಾದರು, ನಿನ್ನಂಥವರ ಮಾತಲ್ಲ ಬಿಡು, ಅಂದ. "ನಮ್ಮಂಥವರ ಮಾತೇ ಅದು" ಎಂದು ಸ್ಟ್ಯಾನಿ ನನ್ನ ಹತ್ತಿರ ಬಂದು ಕನ್ನಡದಲ್ಲಿ ಗೊಣಗಿದ.

ಸ್ಟ್ಯಾನಿಯ ಮನೆ ಸತ್ವಾ ಎಂಬ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ ಒಂದೇ ಕೋಣೆ. ಅಲ್ಲಿ ನಾಲ್ಕು ಕುಟುಂಬಗಳಿಗೆ ಒಂದೇ ಅಡಿಗೆಮನೆ. ಆ ಸಂಜೆ ಇಫ್ತಾರ್ ಆದ ಮೇಲೆ, ಮೇಲಿನ ಕೋಣೆಯ ಭಟ್ಕಳದ ಬಟ್ಟೆ ವ್ಯಾಪಾರಿ ಇಸ್ಮಾಯಿಲ್ ಸಾಹೇಬರು ಗೋಧಿ, ಮಾಂಸ ಬೇಯಿಸಿದ ಹಲೀಮ್ ತಂದಿಟ್ಟರು. ಎಲ್ಲರೂ ಸುತ್ತ ಕೂತೆವು. ಲವೀನಾ ಹೋಗಬೇಕೋ ಬೇಡವೋ ಎಂದು ಗಲಾಟೆಯೋ ಗಲಾಟೆ.

"ಅರವತ್ತಾದ ಮೇಲೆ ಇಲ್ಲಿ ನಮ್ಮನ್ನು ಯಾರು ಇಟ್ಟುಕೊಳ್ತಾರೆ ಸಾಹೇಬ್ರೆ? ಕೆಲಸ ಖಲಾಸ್, ವೀಸಾ ಖಲಾಸ್" ಎಂದ ಸ್ಟ್ಯಾನಿ.

"ಅವರೇ ಬೇಡ ಅಂತ ಬಾಗಿಲು ಹಾಕ್ತಿದ್ದಾರೆ, ನೀವು ನುಗ್ಗುದು ಎಂತಕ್ಕೆ?" ಎಂದರು ಸಾಹೇಬರು.

ಕೊನೆಗೆ ಯಾರೋ, ನಾವೂ ಓಟು ಹಾಕುವ, ಅಂದರು. ಸ್ಟ್ಯಾನಿಯ ಕೈ ಎಲ್ಲರಿಗಿಂತ ಮೊದಲು ಮೇಲೆ ಹೋಯಿತು. ಹೋಗಲಿ ಎನ್ನುವವರೇ ಹೆಚ್ಚಾದರು, ನಾನೂ ಕೈ ಎತ್ತಿದವನೇ. ಲವೀನಾ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು.

ಭಾನುವಾರ ಮೂವರೂ ಬರ್ ದುಬೈಯಿಂದ ಅಬುಧಾಬಿ ಬಸ್ಸು ಹತ್ತಿದೆವು. ತಲೆಗೆ ಇಪ್ಪತ್ತೈದು ದಿರ್ಹಮ್, ಎರಡು ಗಂಟೆಯ ದಾರಿ. ಎರಡೂ ಕಡೆ ಮರಳು, ನಡುವೆ ಸಾಲು ಖರ್ಜೂರದ ಮರ. ರಂಜಾನ್ ಉಪವಾಸದ ಹಗಲಾದ್ದರಿಂದ ಜನರ ಎದುರಿಗೆ ನೀರು ಕುಡಿಯುವಂತಿಲ್ಲ. ನನ್ನ ಗಂಟಲು ಒಣಗಿ ತರಗೆಲೆಯಾಗಿತ್ತು. ಲವೀನಾ ಹೆಂಗಸರ ಸೀಟಿನಲ್ಲಿ, ನಾವು ಅವಳ ಹಿಂದೆಯೇ. ಸ್ಟ್ಯಾನಿ ದಾರಿಯುದ್ದಕ್ಕೂ ಇಂಗ್ಲೆಂಡಿನ ಗುಣಗಾನ ಮಾಡುತ್ತಿದ್ದ. ಅವಳು ಥಟ್ಟನೆ ತಿರುಗಿದಳು.

"ಅಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಬೇರೆ ಬೇರೆ ಕೇಳಿದ್ದಾರೆ. ಇಲ್ಲಿ ಇಡೀ ವಿಲ್ಲಾ ಓಟು ಹಾಕಿತು. ಮಾಸ್ಟ್ರೇ, ನಿನ್ನೆ ಮೊನ್ನೆ ಬಂದ ನೀವೂ ಹಾಕಿದ್ರಿ. ಪಾಸ್‌ಪೋರ್ಟ್ ಯಾರದ್ದು?"

ನನಗೆ ಎಲ್ಲಿ ಮುಖ ಇಡುವುದೆಂದು ತಿಳಿಯಲಿಲ್ಲ. ಅಬುಧಾಬಿಯಲ್ಲಿ ಇಳಿದು, ಟ್ಯಾಕ್ಸಿ ಹಿಡಿದು, ಕಚೇರಿಯ ಬಾಗಿಲಿಗೆ ಬಂದ ಮೇಲೆ ಸ್ಟ್ಯಾನಿ ಮೆಲ್ಲಗೆ ಕೇಳಿದ: "ನಿಂಗೆ ಎಂತ ಬೇಕು, ಹೇಳು."

"ಈಗ ಕೇಳಿದ್ರಲ್ಲ" ಎಂದವಳು ಒಬ್ಬಳೇ ಒಳಗೆ ಹೋದಳು.

ನಾವು ಗೋಡೆಯ ನೆರಳಿನಲ್ಲಿ ಬೆವರುತ್ತ ನಿಂತೆವು. ತೆಗೆದುಕೊಳ್ಳುವುದಿಲ್ಲ ಅಂತಲೇ ನನ್ನ ಎಣಿಕೆ. ಅವಳು ಹೊರಗೆ ಬಂದು ಕಡುಕೆಂಪು ಪುಸ್ತಕವನ್ನು ಗಂಡನ ಕೈಯಲ್ಲಿಟ್ಟಳು.

"ನಿನ್ನೆ ಅಮ್ಮನಿಗೆ ಫೋನ್ ಮಾಡಿದ್ದೆ" ಎಂದಳು. "ಅಮ್ಮ ಹೇಳಿದ್ರು, ನಾನು ಹೊಸ್ತಿಲು ದಾಟದೆ ಒಂದು ದೇಶದಿಂದ ಇನ್ನೊಂದಕ್ಕೆ ಹೋದವಳು, ನನ್ನನ್ನು ಯಾರೂ ಕೇಳಿರ್ಲಿಲ್ಲ. ನಿನ್ನನ್ನು ಕೇಳಿದ್ರೆ ಹೆದರಬೇಡ, ಹೋಗು ಅಂತ."

ಸ್ಟ್ಯಾನಿ ಕುಣಿದಾನು ಅಂದುಕೊಂಡಿದ್ದೆ. ವಾಪಸ್ ಬಸ್ಸಿನಲ್ಲಿ ಪುಸ್ತಕ ಬಿಚ್ಚಿ ಹೆಂಡತಿಯ ಫೋಟೋ ನೋಡಿದ. ದೇಶದ ಹೆಸರು ಓದಿದ. ಮತ್ತೆ ಫೋಟೋ ನೋಡಿದ. ಮುಖ ಸಣ್ಣದಾಯಿತು.

"ಇನ್ನು ಮಂಗಳೂರಲ್ಲಿ ಇಳಿದ್ರೆ ನೀನು ಫಾರಿನ್‌ನವರ ಲೈನಲ್ಲಿ ನಿಲ್ಬೇಕಲ್ಲ?"

"ಹೌದು."

"ನಾನು?"

"ನೀವು ಇಂಡಿಯಾದವರ ಲೈನಲ್ಲಿ."

ಮೂವತ್ತು ವರ್ಷ ಗಲ್ಫಿನ ಬಿಸಿಲು ತಿಂದ ಗಂಡಸು, ತುಂಬಿದ ಬಸ್ಸಿನಲ್ಲಿ ಮಗುವಿನ ಹಾಗೆ ಅತ್ತುಬಿಟ್ಟ.

"ಇದನ್ನು ವಾಪಸ್ ಕೊಡ್ಲಿಕ್ಕೆ ಆಗ್ತದಾ ಮಾರಾಯ?" ಎಂದು ನನ್ನನ್ನು ಕೇಳಿದ.

ಉತ್ತರ ಕೊಟ್ಟವಳು ಲವೀನಾ. ಮುಂದಿನ ಸೀಟಿನಿಂದ ಕೈ ಚಾಚಿ ಪುಸ್ತಕ ಕಸಿದುಕೊಂಡಳು. ಅದನ್ನು ಚೀಲಕ್ಕೆ ಹಾಕಿ, ಅದೇ ಕೈಯಿಂದ ಗಂಡನ ಕೈ ಹಿಡಿದಳು.

"ಮೊದಲು ಕೈ ಎತ್ತಿದ್ದು ನೀವೇ" ಎಂದಳು.