ದೇವರ ಸುತ್ತು

ಪೇಪರಿನ ಆಟದ ಪುಟದಲ್ಲಿ ಆಗಾಗ ಒಂದು ಸುದ್ದಿ ಬರುತ್ತದೆ. ರೇಸಿನ ಕಾಲ ಇನ್ನೂ ಶುರುವಾಗಿರುವುದಿಲ್ಲ, ಬರೀ ಗಾಡಿಗಳ ಟೆಸ್ಟಿಂಗ್ ನಡೆದಿರುತ್ತದೆ. ಅಷ್ಟಕ್ಕೇ ಇಂಥವನು ಎಲ್ಲರಿಗಿಂತ ಜೋರು, ಇಂಥವನ ಕಥೆ ಮುಗಿಯಿತು ಎಂದು ಬರೆದುಬಿಡುತ್ತಾರೆ. ಓದಿದರೆ ಮೈಯೆಲ್ಲ ಉರಿಯುತ್ತದೆ ನನಗೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು? ಟೈರು ಹೊಸದೋ ಸವೆದದ್ದೋ? ಅವನು ಗಾಡಿ ಓಡಿಸುತ್ತಿದ್ದನೋ, ಗಾಡಿಯ ಕಾಯಿಲೆ ಹುಡುಕುತ್ತಿದ್ದನೋ? ಒಬ್ಬರೂ ಕೇಳುವುದಿಲ್ಲ. ಪೇಪರು ಮಡಿಸಿ ಆಚೆ ಎಸೆದು, ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತೇನೆ.

ಈ ಸಿಟ್ಟು ಎಪ್ಪತ್ತರ ದಶಕದ್ದು. ಆಗ ನಾವು ಹಿರಿಯೂರಿನಲ್ಲಿದ್ದೆವು. ನಾನು ಹೈಸ್ಕೂಲಿನಲ್ಲಿ ಆಟದ ಟೀಚರ್. ನಮ್ಮ ಮನೆಯವರದು ಹೈವೇ ಪಕ್ಕದಲ್ಲಿ ಒಂದು ಗ್ಯಾರೇಜು. ಹಗಲೆಲ್ಲ ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಮಾಡುವ ಮನುಷ್ಯ, ಸ್ವಲ್ಪ ಬಿಡುವು ಸಿಕ್ಕರೆ ಸಾಕು, ತಮ್ಮ ಮೋಟಾರ್ ಬೈಕಿನ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದರು. ಅದು ಗುಜರಿಯಿಂದ ತಂದ ಗಾಡಿ. ಇವರ ಕೈ ಮುಟ್ಟದ ಒಂದು ಮೊಳೆಯೂ ಅದರಲ್ಲಿ ಉಳಿದಿರಲಿಲ್ಲ. ನನಗಿಂತ ಹೆಚ್ಚು ಹೊತ್ತು ಅದರ ಜೊತೆಗೇ ಮಾತಾಡುತ್ತೀರಿ ಎಂದು ನಾನು ಛೇಡಿಸುತ್ತಿದ್ದೆ. ಅದು ತಿರುಗಿ ಮಾತಾಡಲ್ಲವಲ್ಲ ಎನ್ನುತ್ತಿದ್ದರು.

ಅವರಿಗೆ ಇದ್ದದ್ದು ಒಂದೇ ಆಸೆ. ಮದರಾಸಿನ ಹತ್ತಿರ, ಯುದ್ಧದ ಕಾಲದಲ್ಲಿ ವಿಮಾನ ಇಳಿಸಲು ಮಾಡಿದ ಒಂದು ಪಟ್ಟಿಯ ಮೇಲೆ ವರ್ಷಕ್ಕೊಮ್ಮೆ ರೇಸ್ ನಡೆಯುತ್ತಿತ್ತು. ಅಲ್ಲಿ ಒಂದೇ ಒಂದು ಸಲ ಆ ಗಾಡಿ ಓಡಿಸಬೇಕು. ಗೆಲ್ಲಬೇಕು ಎಂದು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ವಯಸ್ಸು ನಲವತ್ತರ ಹತ್ತಿರ ಬಂದಿತ್ತು. ಹಿಂದಿನ ವರ್ಷ ಜಾಕು ಜಾರಿ ಎಡ ಮೊಣಕಾಲಿಗೆ ಪೆಟ್ಟು ಬಿದ್ದಿತ್ತು, ಅದು ದಿನೇ ದಿನೇ ಬಿಗಿಯಾಗುತ್ತಿತ್ತು. ಈ ವರ್ಷ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಲಾರಿಗೆ ಟಾರ್ಪಾಲು ಹೊಲಿಯುವವನ ಹತ್ತಿರ ದಪ್ಪ ಕ್ಯಾನ್ವಾಸಿನ ಒಂದು ಕೋಟು ಹೊಲಿಸಿ, ಬೀಳಬಾರದು, ಬಿದ್ದರೆ ಚರ್ಮ ಹೋಗಬಾರದು ಎಂದು ಮೊಣಕೈಗೆ ನಾನೇ ಇನ್ನೊಂದು ಪದರ ಹಾಕಿ ಕೊಟ್ಟಿದ್ದೆ.

ಗಾಡಿ ಪರೀಕ್ಷೆ ಮಾಡುತ್ತಿದ್ದದ್ದು ಧರ್ಮಪುರದ ಕಡೆಯ ಒಂದು ಬತ್ತಿದ ಕೆರೆಯಲ್ಲಿ. ಕಡಲೆಕಾಯಿ ಕಿತ್ತು ಮುಗಿದ ಮೇಲೆ, ಭಾನುವಾರಗಳಲ್ಲಿ, ನಾಲ್ಕೂರಿನ ನಾಲ್ಕು ಗ್ಯಾರೇಜಿನವರು ಅಲ್ಲಿ ಸೇರುತ್ತಿದ್ದರು: ದುರ್ಗದವನು, ಹೊಸದುರ್ಗದವನು, ಹೊಳಲ್ಕೆರೆಯವರು, ನಾವು. ಕೆರೆಯ ತೂಬಿನಿಂದ ಹೊರಟು, ದೊಡ್ಡ ಜಾಲಿ ಮರ ಬಳಸಿ, ಏರಿಯ ಕೆಳಗಿನ ಭೂತಪ್ಪನ ಕಲ್ಲು ಸುತ್ತಿ ಮತ್ತೆ ತೂಬಿಗೆ ಬಂದರೆ ಒಂದು ಸುತ್ತು. ಶಾಲೆಯ ಸ್ಟಾಪ್ ವಾಚ್ ಹಿಡಿದು ಸಮಯ ನೋಡುತ್ತಿದ್ದವಳು ನಾನು.

ಅಲ್ಲಿ ಎಲ್ಲರೂ ಒಪ್ಪಿದ ಒಂದು ಪದ್ಧತಿ ಇತ್ತು. ಮೊದಲ ಸುತ್ತು ದೇವರದು. ಗಾಡಿ ನಿಧಾನಕ್ಕೆ ಹೋಗಬೇಕು, ಕಲ್ಲನ್ನು ಬಲಕ್ಕಿಟ್ಟುಕೊಂಡು ತಿರುಗಬೇಕು, ಒಂದು ಕಾಲು ಊರಿ ಕೈ ಮುಗಿಯಬೇಕು. ಆ ಸುತ್ತಿಗೆ ಗಡಿಯಾರ ಒತ್ತುವಂತಿಲ್ಲ. ಇದನ್ನು ಶುರು ಮಾಡಿದವರೇ ಹೊಳಲ್ಕೆರೆಯ ಹಿರಿಯರು. ಒಂದು ಸಲ ಕುರಿ ಅಡ್ಡ ಬಂದು ಅವರು ಬಿದ್ದು, ಭುಜದ ಮೂಳೆ ಮುರಿದುಕೊಂಡ ಮೇಲೆ. ಬರೀ ಭಕ್ತಿ ಎಂದುಕೊಳ್ಳಬೇಡಿ. ಗಾಡಿ ನಿಧಾನಕ್ಕೆ ಸುತ್ತುವುದನ್ನು ಕಂಡರೆ ಅಲ್ಲಿ ಮೇಯಿಸುತ್ತಿದ್ದ ಕುರಿಯವರು ಸಿಳ್ಳೆ ಹಾಕಿ ಮಂದೆಯನ್ನು ಏರಿಗೆ ಹತ್ತಿಸಿಬಿಡುತ್ತಿದ್ದರು. ವಾರದಲ್ಲಿ ಎತ್ತಿನ ಗಾಡಿಯ ಚಕ್ರ ಎಲ್ಲಿ ಹೂತಿದೆ, ಹೊಸ ಕಲ್ಲು ಎಲ್ಲಿ ಎದ್ದಿದೆ ಎಂಬುದೂ ಓಡಿಸುವವರ ಕಣ್ಣಿಗೆ ಬೀಳುತ್ತಿತ್ತು. ದೇವರೂ ಸಂತೋಷ, ಕುರಿಯೂ ಕ್ಷೇಮ.

ಆಮೇಲಿನ ಸುತ್ತುಗಳ ಸಮಯವನ್ನೂ ಸುಮ್ಮನೆ ನೋಡಿ ಹೇಳುವಂತಿರಲಿಲ್ಲ. ನಮ್ಮ ಮನೆಯವರು ಯಾವಾಗಲೂ ಟ್ಯಾಂಕ್ ತುಂಬಿಸಿಯೇ ಓಡಿಸುತ್ತಿದ್ದರು. ರೇಸು ಉದ್ದದ್ದು, ಭಾರ ಹೊತ್ತು ಎಂಜಿನ್ ಕಾದಾಗ ಏನಾಗುತ್ತದೆ ಎಂದು ಈಗಲೇ ತಿಳಿಯಬೇಕು ಎನ್ನುತ್ತಿದ್ದರು. ದುರ್ಗದವನು ಎರಡು ಲೋಟ ಪೆಟ್ರೋಲ್ ಹಾಕಿಕೊಂಡು ಸರ್ರನೆ ಸುತ್ತಿ ಬಂದು, ಹೇಗೆ ಎಂದು ನಗುತ್ತಿದ್ದ. ನೋಡುವವರಿಗೆ ಚಂದ, ಗಾಡಿಗೆ ಏನೂ ತಿಳಿಯಲಿಲ್ಲ ಎಂದು ಇವರು ಅವನನ್ನು ಗೇಲಿ ಮಾಡುತ್ತಿದ್ದರು. ನನ್ನ ಶಾಲೆಯ ಹುಡುಗಿಯರದೂ ಇದೇ ಅಲ್ಲವೇ? ಮಧ್ಯಾಹ್ನ ಉಂಡು ಓಡಿದವಳ ಸಮಯವನ್ನೂ ಬೆಳಿಗ್ಗೆ ಓಡಿದವಳ ಸಮಯವನ್ನೂ ಪಕ್ಕಪಕ್ಕ ಇಟ್ಟು ಇವಳು ಸೋಮಾರಿ ಎಂದರೆ, ನನ್ನಂಥ ಮೂರ್ಖಳು ಇರುವುದಿಲ್ಲ.

ಹೀಗಿರುವಾಗ ಬೆಂಗಳೂರಿನ ಒಬ್ಬ ದೊಡ್ಡ ಮನುಷ್ಯರು ಬಂದರು. ಗಾಡಿಗಳ ಬಿಡಿಭಾಗ ಮಾರುವವರು. ವರ್ಷಾವರ್ಷ ತಮ್ಮ ಖರ್ಚಿನಲ್ಲಿ ಒಬ್ಬನನ್ನು ರೇಸಿಗೆ ಕಳಿಸುತ್ತಿದ್ದರಂತೆ. ಸ್ವಂತ ಖರ್ಚಿನಲ್ಲಿ ಹೋಗುವ ಶಕ್ತಿ ನಮಗಿರಲಿಲ್ಲ. ಈ ಸಲ ನಮ್ಮ ಕಡೆಯಿಂದ ಒಬ್ಬರನ್ನು ಆರಿಸುತ್ತೇನೆ, ಕೆರೆಗೆ ಬಂದು ನೋಡುತ್ತೇನೆ ಎಂದು ಹೇಳಿ ಕಳಿಸಿದ್ದರು. ಹಿಂದಿನ ವಾರವೆಲ್ಲ ನಮ್ಮ ಮನೆಯವರಿಗೆ ಊಟ ಸೇರಲಿಲ್ಲ. ಆ ಭಾನುವಾರ ಬೆಳಿಗ್ಗೆ ಹೊರಡುವ ಹೊತ್ತಿಗೆ ಗ್ಯಾರೇಜಿನ ಮುಂದೆ ಆಕ್ಸಲ್ ಮುರಿದ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ಅದನ್ನು ಸರಿಸಿ, ಇವರು ಗಾಡಿಯಲ್ಲೂ ನಾನು ಬಸ್ಸಿನಲ್ಲೂ ಹೊರಟು ಕೆರೆ ಮುಟ್ಟುವಷ್ಟರಲ್ಲಿ ನಾವೇ ಕೊನೆಯವರಾಗಿದ್ದೆವು.

ದೊಡ್ಡ ಮನುಷ್ಯರು ಮಡಚುವ ಕುರ್ಚಿ ಹಾಕಿಕೊಂಡು, ಕೊರಳಿಗೆ ತಮ್ಮದೇ ಸ್ಟಾಪ್ ವಾಚ್ ತೂಗುಹಾಕಿಕೊಂಡು ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಅದು ಬೇಡಮ್ಮ, ನಮ್ಮದು ಇದೆ ಎಂದು ನಕ್ಕರು. ಒಬ್ಬೊಬ್ಬರು ಐದು ಸುತ್ತು, ಐದರ ಒಟ್ಟು ಸಮಯ ಯಾರದು ಕಡಿಮೆಯೋ ಅವರು ಎಂದು ತೀರ್ಮಾನವಾಗಿತ್ತು. ಕರವಸ್ತ್ರ ಇಳಿಸಿದರು. ದುರ್ಗದವನು ಹೊರಟ ಏಟಿಗೇ ಬಾಣದ ಹಾಗೆ ಹೋದ. ದೇವರ ಸುತ್ತು ಎಲ್ಲಿ ಎಂದು ನನಗೆ ಅಚ್ಚರಿಯಾಯಿತು. ಹೊಸದುರ್ಗದವನೂ ಹಾಗೇ, ಹೊಳಲ್ಕೆರೆಯವರೂ ಹಾಗೇ. ನಾನು ನಮ್ಮ ಮನೆಯವರ ಹತ್ತಿರ ಹೋಗಿ ಏನೋ ಹೇಳುವಷ್ಟರಲ್ಲಿ ಇವರನ್ನು ಕರೆದುಬಿಟ್ಟರು. ಇವರು ಹೊರಟರು, ಎಂದಿನ ಹಾಗೆ, ನಿಧಾನಕ್ಕೆ.

 ಸೆರಗು ಸೊಂಟಕ್ಕೆ ಸಿಕ್ಕಿಸಿ ದೊಡ್ಡ ಮನುಷ್ಯರ ಹತ್ತಿರ ಓಡಿಹೋಗಿ, ಈ ಸುತ್ತು ಲೆಕ್ಕಕ್ಕಿಲ್ಲ, ಗಡಿಯಾರ ಒತ್ತಬೇಡಿ ಎಂದೆ. ಆಗಲೇ ಒತ್ತಿದ್ದಾಗಿದೆ ಎಂದರು, ತಲೆ ಎತ್ತದೆ. ಅತ್ತ ಇವರು ಭೂತಪ್ಪನ ಮುಂದೆ ಕಾಲು ಊರಿ, ಕೋಟಿನ ತೋಳು ಸರಿಸಿ, ಎರಡೂ ಕೈ ಜೋಡಿಸಿ ನಿಂತಿದ್ದರು. ಇತ್ತ ಆ ವಾಚಿನ ಮುಳ್ಳು ಓಡುತ್ತಲೇ ಇತ್ತು. 

ತಿರುಗಿ ನೋಡಿದೆ. ಮೂವರೂ ತುಟಿ ಪಿಟಕ್ಕೆನ್ನದೆ ನಿಂತಿದ್ದಾರೆ. ಪದ್ಧತಿ ಮಾಡಿದ ಹೊಳಲ್ಕೆರೆಯ ಹಿರಿಯರೇ ನೆಲ ನೋಡುತ್ತಿದ್ದಾರೆ. ಏನಣ್ಣ ಇದು, ಹೇಳಬಾರದೇ ಎಂದು ಅವರ ಮುಂದೆ ಹೋಗಿ ನಿಂತೆ.

“ನಾವು ದೇವ್ರ ಸುತ್ತು ಬೆಳಿಗ್ಗೇನೇ ಮುಗಿಸಿಬಿಟ್ವಿ ಕಣಮ್ಮ. ಅವ್ರು ಬರಾಕೆ ಮುಂಚೇನೇ,” ಎಂದರು. “ನೀವು ಬಂದಿದ್ದು ತಡ ಆತು.”

ಮುಗಿಸಿದ್ದಕ್ಕೆ ನನ್ನ ತಕರಾರಿಲ್ಲ ಸ್ವಾಮಿ. ಬಂದ ಕೂಡಲೇ ಒಂದು ಮಾತು, ಲೇ, ನಮ್ದು ಆಗೈತೆ, ನೀನೂ ಒಂದು ಸುತ್ತು ಹಾಕ್ಕೊಂಡು ಬಾರಪ್ಪ ಎಂದಿದ್ದರೆ ನಾಲಿಗೆ ಸವೆದುಹೋಗುತ್ತಿತ್ತೇ? ಎಷ್ಟು ವಾರ ನಾನು ಕಟ್ಟಿಕೊಂಡು ಹೋದ ರೊಟ್ಟಿ ಚಟ್ನಿ ತಿಂದ ಬಾಯಿಗಳು ಅವು! ಇವರು ದೇವರ ಸುತ್ತು ಬಿಡುವುದಿಲ್ಲ ಎಂಬುದು ಆ ಮೂವರಿಗೂ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ಆ ಮೂವರ ಸುತ್ತುಗಳನ್ನು ಹಿಡಿದ ಹಾಗೇ ಇವರ ಉಳಿದ ನಾಲ್ಕು ಸುತ್ತನ್ನೂ ನಾನು ನನ್ನ ವಾಚಿನಲ್ಲಿ ಹಿಡಿದೆ. ಪ್ರತಿ ಸುತ್ತೂ ಹಿಂದಿನದಕ್ಕಿಂತ ಜೋರಾಗಿತ್ತು. ಕೊನೆಯದಂತೂ, ತುಂಬಿದ ಟ್ಯಾಂಕ್ ಹೊತ್ತುಕೊಂಡೂ, ಆ ದಿನ ಯಾರೂ ಹಾಕದಂಥ ಸುತ್ತು. ಆದರೂ ಒಟ್ಟು ಮಾಡಿದಾಗ ಇವರದೇ ಕೊನೆ. ದೊಡ್ಡ ಮನುಷ್ಯರು ದುರ್ಗದವನ ಬೆನ್ನು ತಟ್ಟಿದರು.

ನಾನು ಬಿಡಲಿಲ್ಲ. ಮೊದಲ ಸುತ್ತು ಯಾಕೆ ನಿಧಾನ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿದೆ, ದುರ್ಗದವನದರಲ್ಲಿ ಎಷ್ಟಿದೆ, ಬೇಕಾದರೆ ಎರಡೂ ಮುಚ್ಚಳ ತೆಗೆದು ನೋಡಿ, ಇಲ್ಲವೇ ಇನ್ನೊಂದು ಸಲ ಓಡಿಸಿ ಎಂದೆ. ಎಲ್ಲರಿಗೂ ಒಂದೇ ನಿಯಮ, ಒಬ್ಬರಿಗೆ ಎರಡು ಸಲ ಕೊಟ್ಟರೆ ಅನ್ಯಾಯವಾಗುತ್ತದೆ ಎಂದರು. ಅನ್ಯಾಯವಂತೆ! ಆ ಪದವನ್ನು ಅವರ ಬಾಯಲ್ಲಿ ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

“ಗಡಿಯಾರಕ್ಕೆ ಭಕ್ತಿ ಗೊತ್ತಾಗಲ್ಲಮ್ಮ,” ಎಂದರು. “ಅದು ಇದ್ದದ್ದನ್ನ ಹೇಳುತ್ತೆ ಅಷ್ಟೆ.”

“ಅದು ಏನೂ ಹೇಳಲ್ಲ ಸಾರ್. ಹೇಳ್ತಿರೋರು ನೀವು,” ಎಂದೆ.

ಅವರು ನನ್ನ ಕಡೆ ನೋಡಲೇ ಇಲ್ಲ. ಆಗ ತಾನೇ ಗಾಡಿ ನಿಲ್ಲಿಸಿ, ಕುಂಟುತ್ತ ಬಂದ ನಮ್ಮ ಮನೆಯವರ ಹೆಗಲ ಮೇಲೆ ಕೈ ಹಾಕಿದರು. ಗಾಡಿ ಅದ್ಭುತವಾಗಿದೆ, ಕೊನೆಯ ಸುತ್ತೇ ಅದಕ್ಕೆ ಸಾಕ್ಷಿ, ಆದರೆ ನೀವು ಹೊರಡುವುದೇ ನಿಧಾನ, ರೇಸಿಗೆ ಅದು ಆಗದು ಎಂದರು. ಗಾಡಿಯನ್ನು ನಮಗೆ ಕೊಡಿ, ದುರ್ಗದ ಹುಡುಗ ಇದನ್ನೇ ಓಡಿಸಲಿ, ನಿಮ್ಮ ಹೆಸರೂ ಬರುತ್ತದೆ ಎಂದರು.

ಈ ಲೆಕ್ಕ ನೋಡಿ. ಮೊದಲ ಸುತ್ತು ನಿಧಾನವಾದದ್ದು ಓಡಿಸಿದವರ ದೋಷ. ಕೊನೆಯ ಸುತ್ತು ಜೋರಾದದ್ದು ಗಾಡಿಯ ಗುಣ. ಒಬ್ಬರೇ ಮನುಷ್ಯ, ಒಂದೇ ಗಾಡಿ, ಒಂದೇ ಬೆಳಗು! ಬೈಗುಳಗಳೆಲ್ಲ ನಾಲಿಗೆಯ ತುದಿಗೆ ಬಂದಿದ್ದವು. ಹೈಸ್ಕೂಲ್ ಟೀಚರ್ ಎಂದು ನುಂಗಿಕೊಂಡೆ. ಇಂದಿಗೂ ಅವು ಜೀರ್ಣವಾಗಿಲ್ಲ.

ನಮ್ಮ ಮನೆಯವರು ಚಿಂದಿ ಬಟ್ಟೆಯಲ್ಲಿ ಕೈ ಒರೆಸಿಕೊಂಡರು. ಒಂದೊಂದು ಬೆರಳನ್ನೂ ಒರೆಸಿದರು. ಆಮೇಲೆ, “ಗಾಡಿ ಒಂದೇ ಬರಲ್ಲ ಸ್ವಾಮಿ,” ಎಂದರು. ಅಷ್ಟೇ. ದೊಡ್ಡ ಮನುಷ್ಯರು ಭುಜ ಹಾರಿಸಿ, ಕುರ್ಚಿ ಮಡಚಿಸಿ, ಕಾರು ಹತ್ತಿದರು. ಅವರ ಹಿಂದೆಯೇ ಮೂವರೂ ಹೊರಟರು. ಹೊಳಲ್ಕೆರೆಯವರು ಮಾತ್ರ ಒಂದು ಸಲ ತಿರುಗಿ ನೋಡಿದರು. ನಾನು ಮುಖ ತಿರುಗಿಸಿಕೊಂಡೆ.

ದುರ್ಗದವನು ಮುಂದೆ ರೇಸಿನಲ್ಲಿ ಎಷ್ಟನೆಯವನಾದ ಎಂದು ಕೇಳಬೇಡಿ. ನಾನೂ ಕೇಳಲಿಲ್ಲ. ಅವನು ಗೆದ್ದರೂ ಸೋತರೂ ಆ ಕೆರೆಯಲ್ಲಿ ಆದದ್ದು ಸರಿಯಾಗುವುದಿಲ್ಲ. ನಮ್ಮ ಮನೆಯವರು ಆ ವರ್ಷವಾಗಲಿ, ಮುಂದೆ ಎಂದಾಗಲಿ ಆ ಪಟ್ಟಿಯ ಮೇಲೆ ಗಾಡಿ ಓಡಿಸಲಿಲ್ಲ. ಮೊಣಕಾಲು ಬಿಡಲಿಲ್ಲ.

ಎಲ್ಲರೂ ಹೋದ ಮೇಲೆ ನನ್ನ ಸಿಟ್ಟು ಇವರ ಮೇಲೆ ತಿರುಗಿತು. ದೇವರ ಸುತ್ತು ಎಂದು ನೀವೇ ಯಾಕೆ ಹೇಳಲಿಲ್ಲ, ಬಾಯಿ ಇರಲಿಲ್ಲವೇ ಎಂದು ಕೂಗಾಡಿದೆ.

“ಕೈ ಮುಗಿದಿದ್ದನ್ನ ಯಾರಾನಾ ಹೇಳ್ಕೊಂತಾರೇನೇ?” ಎಂದರು.

ಧೂಳು ಅಡಗಿತ್ತು. ಕುರಿಗಳು ಏರಿಯಿಂದ ಒಂದೊಂದಾಗಿ ಮತ್ತೆ ಕೆಳಗಿಳಿದು ಮೇಯತೊಡಗಿದ್ದವು. ಇವರು ಕ್ಯಾನ್ ತಂದು ಟ್ಯಾಂಕಿನ ಪೆಟ್ರೋಲನ್ನೆಲ್ಲ ಅದಕ್ಕೆ ಬಸಿದರು. ಎರಡು ಲೋಟದಷ್ಟು ಬಿಟ್ಟಿರಬೇಕು. ನನ್ನ ಕಡೆ ನೋಡಿ, “ಈಗ ಹಿಡಿ,” ಎಂದರು. ಕುರಿ ಇಳಿದಿದ್ದವಲ್ಲ, ಅದಕ್ಕೆ ಮತ್ತೆ ಒಂದು ದೇವರ ಸುತ್ತು ಹಾಕಿದರು, ನಿಧಾನಕ್ಕೆ. ಕುರಿಯವನು ಅಷ್ಟು ದೂರದಿಂದ ಸಿಳ್ಳೆ ಹಾಕಿದ. ಮಂದೆ ಏರಿ ಹತ್ತಿತು. ಆಮೇಲೆ ಅವರು ಹೋದದ್ದು ಇದೆಯಲ್ಲ, ಆ ಜಾಲಿ ಮರದ ತಿರುವಿನಲ್ಲಿ ಗಾಡಿ ನೆಲಕ್ಕೆ ವಾಲಿದ ರೀತಿಗೆ ನಾನು, ಮೊಣಕಾಲು ಜೋಪಾನ ರೀ ಎಂದು ಕೂಗಿಕೊಂಡೆ. ಅದೇನೂ ಅವರಿಗೆ ಕೇಳಲಿಲ್ಲ.

ಬಂದು ನಿಂತು ಎಷ್ಟು ಎಂದರು. ಹೇಳಿದೆ. ದುರ್ಗದವನ ಅತಿ ಜೋರಿನ ಸುತ್ತಿಗಿಂತ ಐದು ಸೆಕೆಂಡು ಕಡಿಮೆ. ಅವರ ಮುಖದಲ್ಲಿ ಒಂದು ನಗು ಬಂದು ಹೋಯಿತು.

“ಸಾಕು ಬಿಡು. ಗೊತ್ತಾತಲ್ಲ.”

“ಯಾರಿಗೆ ಗೊತ್ತಾಯ್ತು ರೀ? ನನಗೆ ಮೊದಲೇ ಗೊತ್ತಿತ್ತು,” ಎಂದೆ. 

ಅವರು ಕ್ಯಾನ್ ಎತ್ತಿಕೊಂಡರು. ಪೆಟ್ರೋಲನ್ನು ತಿರುಗಿ ಟ್ಯಾಂಕಿಗೆ ಸುರಿದರು. ರೇಸಿಗೆಂದು ಹಿಂದಿನ ಸೀಟು ತೆಗೆದಿದ್ದರು, ಬರೀ ತಗಡು ಇತ್ತು. ಬರುವಾಗ ನಾನು ಬಸ್ಸಿನಲ್ಲಿ ಬಂದಿದ್ದೆ, ಈಗ ಬಸ್ಸಿಗೆ ಬಹಳ ಹೊತ್ತಿತ್ತು. ಆ ಕ್ಯಾನ್ವಾಸಿನ ಕೋಟು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ತಗಡಿನ ಮೇಲೆ ಹಾಸಿ, “ಹತ್ತು, ಹೋಗಾಣ,” ಎಂದರು. ಮದರಾಸಿಗೆಂದು ಹೊಲಿಸಿದ ಕೋಟಿನ ಮೇಲೆ ನಾನು ಕೂತೆ.

ಗಾಡಿ ರಸ್ತೆಯ ಕಡೆ ಹೋಗಲಿಲ್ಲ. ಜಾಲಿ ಮರ ಬಳಸಿ, ನಡೆಯುವವರ ಜೊತೆ ಹೋಗುವಷ್ಟು ನಿಧಾನಕ್ಕೆ, ಮತ್ತೆ ಕೆರೆಯೊಳಗೇ ಹೊರಟಿತು. ಈಗಷ್ಟೇ ದೇವರ ಸುತ್ತು ಆಯಿತಲ್ಲ ಎನ್ನಲು ಬಾಯಿ ತೆರೆದೆ. ನನ್ನ ಕೈ ಅವರ ಬೆನ್ನಿನ ಮೇಲಿತ್ತು. ಬೆನ್ನು ಅಲುಗುತ್ತಿತ್ತು, ಅದು ಎಂಜಿನ್ನಿನ ಅದುರಾಟವಲ್ಲ. ಲಗ್ನವಾದಂದಿನಿಂದ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ, ಈಗಲೂ ಮುಖ ಕಾಣಲಿಲ್ಲ. ಭೂತಪ್ಪನ ಕಲ್ಲಿನ ಹತ್ತಿರ ಅವರು ನಿಲ್ಲಲಿಲ್ಲ, ಕೈಯನ್ನೂ ಮುಗಿಯಲಿಲ್ಲ. ಸ್ಟಾಪ್ ವಾಚ್ ನನ್ನ ಅಂಗೈಯಲ್ಲೇ ಇತ್ತು. ಅದನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ, ಎರಡೂ ಕೈಯಲ್ಲಿ ಅವರನ್ನು ಹಿಡಿದುಕೊಂಡೆ. ಆ ಸುತ್ತಿಗೆ ಎಷ್ಟು ಹೊತ್ತಾಯಿತೋ ನಾನು ನೋಡಲಿಲ್ಲ.