ಬೆಕ್ಕಿನ ಕಣ್ಣು

ಮಂಜುಳಾ, ನಿನ್ನ ಮಗನಿಗೆ ಆ ಬೆಕ್ಕಿನ ಕಣ್ಣು ಬಂದದ್ದು ನಮ್ಮ ಮನೆಯಿಂದಲೇ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ, ನಿನ್ನ ಗಂಡ — ನನ್ನ ಒಡಹುಟ್ಟಿದ ತಮ್ಮ — ಕೇಳಿದಾಗ ಸುಳ್ಳು ಹೇಳಿದೆ.

ನಮ್ಮ ಅಜ್ಜಿಯ ಅಪ್ಪ ಜರ್ಮನಿಯವರು. ಚಿನ್ನದ ಗಣಿಗೆ ಯಂತ್ರ ಕೂರಿಸಲು ಬಂದ ಸಂಸಾರವೊಂದರ ಮಗ. ಮೊದಲ ಮಹಾಯುದ್ಧ ಶುರುವಾಗಿ ಬ್ರಿಟಿಷರು ಜರ್ಮನ್ನರನ್ನು ಹಿಡಿದು ಶಿಬಿರಕ್ಕೆ ಸಾಗಿಸುವಾಗ ಇವರೊಬ್ಬರು ತಪ್ಪಿಸಿಕೊಂಡು ಹುತ್ತೂರಿನ ಹಿಪ್ಪುನೇರಳೆ ತೋಟ ಸೇರಿದರಂತೆ. ತೋಟದವರು ಮುದ್ದೆ ಹಾಕಿ ಉಳಿಸಿಕೊಂಡರು, ಚಿನ್ನಪ್ಪ ಎಂದು ಹೆಸರಿಟ್ಟರು, ಕೊನೆಗೆ ಮಗಳನ್ನೂ ಕೊಟ್ಟರು. ಹೆತ್ತವರನ್ನು ಅವರು ಮತ್ತೆ ನೋಡಲಿಲ್ಲ. ರೇಷ್ಮೆಹುಳು ಸಾಕಿದರು, ತೆಲುಗು ಕಲಿತರು, ತಲೆಗೆ ರುಮಾಲು ಸುತ್ತಿದರು, ಬಿಸಿಲಿಗೆ ಬಣ್ಣವೂ ಕಂದಿತು. ಕಣ್ಣನ್ನು ಮಾತ್ರ ಏನು ಮಾಡುವುದು? ಯಾರೊಡನೆ ಮಾತಾಡಿದರೂ ನೆಲ ನೋಡುತ್ತಿದ್ದರಂತೆ. ಖಾಕಿ ಬಟ್ಟೆ ಕಂಡರೆ ಹುಳುಮನೆಗೆ ನುಗ್ಗಿ ಕದ ಹಾಕಿಕೊಳ್ಳುತ್ತಿದ್ದರು — ಯುದ್ಧ ಮುಗಿದು ಎಷ್ಟೋ ವರ್ಷವಾದ ಮೇಲೂ. ಅಜ್ಜಿ ಇದನ್ನು ನನಗೊಬ್ಬಳಿಗೇ ಹೇಳಿ, “ಎವರಿಕೀ ಚೆಪ್ಪೊದ್ದು” ಎಂದು ಆಣೆ ಹಾಕಿಸಿಕೊಂಡಳು. ಯಾರಿಗೂ ಹೇಳಬೇಡ. ಆ ಮುದುಕರ ಹೆದರಿಕೆಯೆಲ್ಲ ನನ್ನ ಹೊಟ್ಟೆಯೊಳಗೆ ಬಂದು ಕೂತಿತು.

ನಿನಗೆ ಹೆರಿಗೆಯಾದ ಹೊತ್ತಿಗೆ ನನ್ನ ಮಗಳಿಗೆ ಮಾಲೂರಿನ ಸಂಬಂಧ ಕೂಡಿಬಂದಿತ್ತು, ವೀಳ್ಯಶಾಸ್ತ್ರವೊಂದು ಬಾಕಿ. ಊರಲ್ಲಿ ನಿನ್ನ ಕೂಸಿನ ಬಗ್ಗೆ ಗುಸುಗುಸು. ನಮ್ಮದು ಬೆರಕೆಯ ವಂಶ ಎಂದು ತಿಳಿದರೆ ಬೀಗರು ತಿರುಗಿ ನೋಡುತ್ತಾರೆಯೇ — ಅದೊಂದೇ ನನ್ನ ತಲೆಯಲ್ಲಿ. ತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದ.

“ಅಕ್ಕಾ, ನಮ್ ಕಡೆ ಯಾರಿಗಾದ್ರೂ ಇಂಥಾ ಕಣ್ಣಿತ್ತಾ?”

ಹೌದು ಅನ್ನಿಸಿಕೊಳ್ಳಲೆಂದೇ ಬಂದಿದ್ದ, ಪಾಪ —

“ನಮ್ಮೋರಲ್ಲಿ ಯಾರಿಗೂ ಇಲ್ಲ ಕಣೋ” ಎಂದೆ.

ತಮ್ಮ ಕೈಬಿಟ್ಟ ಮೇಲೆ ನೀನು ಕೂಸನ್ನೆತ್ತಿಕೊಂಡು ಮಾಸ್ತಿಯ ತವರಿಗೆ ಹೊರಟಾಗ, “ನೀವಾದರೂ ಹೇಳಿ ಅಕ್ಕಾ, ನಾನು ಅಂಥವಳಾ” ಎಂದು ನನ್ನನ್ನು ಕೇಳಿದೆ. ನಾನು ಒಲೆಯ ಕಡೆ ತಿರುಗಿಕೊಂಡೆ. ಆಮೇಲೆ ತಮ್ಮನಿಗೆ ಮತ್ತೊಂದು ಮದುವೆಯಾಯಿತು. ಮುಂದೆ ನಿಂತು ಮಾಡಿಸಿದವಳೂ ನಾನೇ.

ಅಂದಿನಿಂದ ನನ್ನದು ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಬಾಳು. ಆರು ವರ್ಷದ ಮೇಲೆ ಮಗಳು ಬಸುರಿ ಎಂದು ತಿಳಿದ ದಿನ ನನಗೆ ಸಂತೋಷವಾಗಲಿಲ್ಲ, ಹುಟ್ಟುವ ಕೂಸಿನ ಕಣ್ಣಿನದೇ ಯೋಚನೆ.

ಕಳೆದ ವಾರ ಮೊಮ್ಮಗಳ ನಾಮಕರಣ. ತೊಟ್ಟಿಲಲ್ಲಿ ಅದೇ ಕಣ್ಣು. ಮಗಳ ಅತ್ತೆ ಬಗ್ಗಿ ನೋಡಿದರು. ನಾನು ತೊಟ್ಟಿಲ ಹಗ್ಗ ಹಿಡಿದುಕೊಂಡೆ. ಅವರು ನಕ್ಕರು.

“ಬೆಕ್ಕಿನ ಕಣ್ಣು ಕಣ್ರೀ, ಎಷ್ಟ್ ಚೆಂದ. ದೃಷ್ಟಿಯಾಗುತ್ತೆ, ಒಂದು ಬೊಟ್ಟು ಇಡಿ.”

ಅಷ್ಟೇ. ನನ್ನ ಮಗಳನ್ನು ಯಾರೂ ಏನೂ ಕೇಳಲಿಲ್ಲ.

ಇಷ್ಟಕ್ಕಾಗಿ ನಿನ್ನ ಬಾಳು ಮಣ್ಣುಪಾಲು ಮಾಡಿದೆನೇ — ಇಲ್ಲ, ಹಾಗನ್ನುವುದೂ ತಪ್ಪು, ಅವರು ತೊಟ್ಟಿಲ ಮುಂದೆ ಸಿಡಿದೆದ್ದಿದ್ದರೂ ನಾನು ಮಾಡಿದ್ದು ಅದೇ ಪಾಪ.

ಮೊನ್ನೆ ತಮ್ಮನಿಗೆ ಎಲ್ಲ ಹೇಳಿದೆ. ಎದ್ದು ಹೋದ. ಮಗಳ ಅತ್ತೆಗೂ ಹೇಳುವುದಿದೆ. ಅದಕ್ಕೂ ಮೊದಲು, ನಾಳೆ ಮಾಸ್ತಿಗೆ ಬರುತ್ತೇನೆ. ನಿನ್ನ ಅಪ್ಪ ಅಮ್ಮನ ಎದುರು, ಬೇಕಾದರೆ ಬೀದಿಯಲ್ಲೇ ನಿಂತು ಹೇಳುತ್ತೇನೆ. ನೀನು ಬೈದರೆ ಬೈಸಿಕೊಳ್ಳುತ್ತೇನೆ. ಆದರೆ ಬಾಗಿಲು ತೆಗೆಯುವವನು ನಿನ್ನ ಮಗನಾದರೆ, ನೀವ್ಯಾರು ಎಂದು ಕೇಳಿದರೆ — ನಿನ್ನ ಸೋದರತ್ತೆ ಎನ್ನಲು ನನಗೆ ಯಾವ ಮುಖವಿದೆ? ಆ ಭಯದಲ್ಲೇ ಬರುತ್ತೇನೆ.