ತುಂಗಾಬಾಯಿಯವರ ಕಿವಿ ಕಸರತ್ತು

ಜೂನ್ ತಿಂಗಳಲ್ಲಿ ತುಂಗಾಬಾಯಿಯವರ ಕೊಡೆ ಮಳೆಗಿಂತ ಹೆಚ್ಚಾಗಿ ಮಕ್ಕಳನ್ನು ಹಿಡಿಯಲು ಬಳಕೆಯಾಗುತ್ತಿತ್ತು. ಪರೇಲಿನ ನಮ್ಮ ಚಾಳಿನ ಗ್ಯಾಲರಿಯಲ್ಲಿ ಓಡುವ ಹುಡುಗರ ಕಾಲರಿಗೆ ಅದರ ಬಾಗಿದ ಹಿಡಿಯನ್ನು ಸಿಕ್ಕಿಸಿ ನಿಲ್ಲಿಸಿ, "ಎಲ್ಲಿಗೆ ಓಡ್ತಿ? ಸಾಲಿಗೆ ಹೆಸರು ಹಚ್ಚೀಯೇನು?" ಎಂದು ಕೇಳುತ್ತಿದ್ದರು. ಹಚ್ಚಿದ್ದರೆ ಬಿಡುಗಡೆ. ಇಲ್ಲದಿದ್ದರೆ ಕೊಡೆಯ ಸಮೇತ ಅವನ ಮನೆಗೆ ಮೆರವಣಿಗೆ.

ಮುಂಬಯಿಯಲ್ಲಿ ಟೀಚರಮ್ಮನನ್ನು ಕರೆಯುವುದು 'ಬಾಯಿ' ಎಂದೇ. ವಿಜಾಪುರದ ಕಡೆಯ ನಮ್ಮ ಬಾಯಿ ಕನ್ನಡ ಶಾಲೆಯ ಒಂದನೆಯ ಇಯತ್ತೆಗೆ, ಅಂದರೆ ಒಂದನೆಯ ತರಗತಿಗೆ, ಏಕಮಾತ್ರ ಸರ್ವಾಧಿಕಾರಿ. ಕೆಳಗಿನ ಎರಡು ಮಹಡಿ ಮರಾಠಿ ಶಾಲೆಯದು; ಮೇಲೆ ಸೋರುವ ಕೋಣೆಗಳು ನಮ್ಮವು. ಒಂದನೆಯ ಇಯತ್ತೆಗೆ ಇಪ್ಪತ್ತು ಮಕ್ಕಳು ಸೇರದಿದ್ದರೆ ವರ್ಗವನ್ನೇ ಮುಚ್ಚಿ, ಇದ್ದವರನ್ನು ಕೆಳಗಿನ ಮಹಡಿಗೆ ಇಳಿಸುತ್ತಾರೆಂಬ ಭಯ ಪ್ರತಿ ವರ್ಷವೂ ಇರುತ್ತಿತ್ತು. ತಿಂಗಳ ಕೊನೆಗೆ ಇನ್ಸ್‌ಪೆಕ್ಟರು ಬಂದು ತಲೆ ಎಣಿಸುವವರೆಗೆ ಬಾಯಿಯವರಿಗೆ ನಿದ್ದೆಯಿಲ್ಲ, ಚಾಳಿನ ತಾಯಂದಿರಿಗೆ ನೆಮ್ಮದಿಯಿಲ್ಲ.

ಆ ವರ್ಷ ಲೆಕ್ಕ ಹತ್ತೊಂಬತ್ತಕ್ಕೆ ಬಂದು ನಿಂತುಬಿಟ್ಟಿತ್ತು. ಇಪ್ಪತ್ತನೆಯವಳಾಗಿ ಅವರ ಕೊಡೆಗೆ ಸಿಕ್ಕವಳು ನಾನು. ಅಪ್ಪ ಗ್ರಾಂಟ್ ರೋಡಿನ ಹೋಟೆಲೊಂದರಲ್ಲಿ ದೋಸೆ ಹುಯ್ಯುವವರು. ಮನೆಯಲ್ಲಿ ತುಳು, ಗ್ಯಾಲರಿಯಲ್ಲಿ ಹಿಂದಿ. ಕನ್ನಡ ನನಗೆ ಅಷ್ಟಕ್ಕಷ್ಟೇ. ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು.

"ಅದಕ್ಕೆ ಇನ್ನೂ ಐದು ತುಂಬ್ಲಿಲ್ಲ ಟೀಚರೇ. ಮುಂದಿನ ವರ್ಷ ಹಾಕುವ."

"ಯಾವಾಗ ಹುಟ್ಯಾಳ?"

"ದೀಪಾವಳಿ ಕಳೆದ ಮೇಲೆ."

"ಅಲ್ಲ, ಜೂನ್ ಒಂದಕ್ಕ ಹುಟ್ಯಾಳ," ಎಂದು ಬಾಯಿ ಬರೆದುಕೊಂಡೇಬಿಟ್ಟರು, ಅದೂ ಹೆತ್ತವಳ ಎದುರಿಗೇ! ಅವರ ವರ್ಗದಲ್ಲಿ ಎಲ್ಲರೂ ಜೂನ್ ಒಂದರಂದೇ ಹುಟ್ಟಿದವರು. ಅದೊಂದು ದಿನವನ್ನು ಮುಂಬಯಿಯ ಸೂಲಗಿತ್ತಿಯರು ಹೇಗೆ ಸುಧಾರಿಸಿಕೊಂಡರೋ ದೇವರೇ ಬಲ್ಲ.

ಹಾಗೆಂದು ಬರೀ ಬರೆದರೆ ಸಾಲದು. ಜನ್ಮದಾಖಲೆ ಯಾರ ಬಳಿಯೂ ಇಲ್ಲದ ಕಾಲವಾದ್ದರಿಂದ ಇನ್ಸ್‌ಪೆಕ್ಟರು ವಯಸ್ಸನ್ನು ಕಿವಿಯಿಂದ ಅಳೆಯುತ್ತಿದ್ದರು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿದರೆ ಮಗು ಶಾಲೆಗೆ, ಮುಟ್ಟದಿದ್ದರೆ ಮನೆಗೆ. ನನ್ನ ಕೈ ಕಿವಿಗಿಂತ ಎರಡು ಬೆರಳು ಮೊದಲೇ ನಿಂತುಬಿಡುತ್ತಿತ್ತು.

ಬಾಯಿಯವರು ಇದಕ್ಕೆಲ್ಲ ಹೆದರುವ ಹೆಂಗಸಲ್ಲ. ಮಕ್ಕಳ ಕೈ ರೊಟ್ಟಿ ಹಿಟ್ಟಿದ್ದ ಹಾಗೆ, ದಿನಾ ನಾದಿದರೆ ಉದ್ದವಾಗುತ್ತದೆ ಎಂಬುದು ಅವರ ವಿಜ್ಞಾನ. ಹಾಗಾಗಿ ನಮ್ಮ ದಿನಚರಿ ಹೀಗಿತ್ತು: ಒದ್ದೆ ಚಪ್ಪಲಿಗಳನ್ನು ಬಾಗಿಲ ಹೊರಗೆ ಸಾಲಾಗಿ ಬಿಡುವುದು, ಪ್ರಾರ್ಥನೆ, ಹಾಜರಿ, ಆಮೇಲೆ ಕಿವಿ ಕಸರತ್ತು. ಅ ಆ ಇ ಈ ಎಲ್ಲ ಅದರ ನಂತರ. ಬಾಯಿ ಮಾತಿಲ್ಲದೆ ತಮ್ಮ ಎಡಗಿವಿ ಮುಟ್ಟಿಕೊಳ್ಳುತ್ತಿದ್ದರು, ಅದೇ ಸೂಚನೆ. ತಕ್ಷಣ ಇಪ್ಪತ್ತು ಕೈಗಳು ಇಪ್ಪತ್ತು ನೆತ್ತಿಗಳ ಮೇಲೆ ಹಾಯಬೇಕು. "ತಲಿ ನೆಟ್ಟಗ! ಕಿವಿ ಕೈ ಹಂತೇಕ ಬರಬಾರದು, ಕೈ ಕಿವಿ ಹಂತೇಕ ಹೋಗಬೇಕು!" ನನ್ನೊಬ್ಬಳಿಗಾಗಿ ಹತ್ತೊಂಬತ್ತು ಮಕ್ಕಳು ಸುಮ್ಮಸುಮ್ಮನೆ ಕೈ ನೋಯಿಸಿಕೊಂಡರು.

ಕಸರತ್ತು ಮುಗಿದ ಮೇಲೆ ಪಾಟಿ. ಪಾಟಿಯ ಮೇಲೆ ಉಗುಳಿ ಒರೆಸುವವರಿಗೆ, "ಉಗುಳಬ್ಯಾಡ್ರಿ, ಸರಸ್ವತಿಗೆ ನೆಗಡಿ ಆಗತೈತಿ," ಎನ್ನುತ್ತಿದ್ದರು. ಬಳಪ ತಿನ್ನುವವರಿಗೆ, "ತಿನ್ನು, ತಿನ್ನು. ನಾಳೆ ಹೊಟ್ಟ್ಯಾಗಿಂದ ಬರದು ತೋರಸು." ಮೂರೇ ವಾರಕ್ಕೆ ನಾನು ಮನೆಯಲ್ಲಿ "ಹೌದ್ರಿ, ಊಟಾ ಆತ್ರಿ" ಎಂದು ಶುರುಮಾಡಿದೆ. ಅಪ್ಪ ಗಾಬರಿಯಾಗಿ, "ಇದೆಂತದ್ದು ಮಾರಾಯ್ತಿ, ನಮ್ಮ ಹೋಟೆಲಿನ ಹುಬ್ಬಳ್ಳಿ ಗಿರಾಕಿ ಮಾತಾಡಿದ ಹಾಗೆ ಮಾತಾಡ್ತದೆ!" ಎಂದರು.

ಇನ್ಸ್‌ಪೆಕ್ಟರು ಬಂದದ್ದು ಜೋರು ಮಳೆಯ ದಿನ. ಕುತ್ತಿಗೆ ಇದೆಯೋ ಇಲ್ಲವೋ ಎಂದು ಅನುಮಾನ ಬರುವಂಥ ಆಳು. ಅದರ ಮೇಲೆ ಬಿಗಿಯಾದ ಕೋಟು. ಕುರ್ಚಿಯಲ್ಲಿ ಕೂತು ಹಾಜರಿ ಪುಸ್ತಕ ತೆರೆಯುವಷ್ಟರಲ್ಲಿ ಅವರ ಎಡಗಿವಿಗೆ ಒಂದು ಸೊಳ್ಳೆ ಕಚ್ಚಿತು. ಅವರು ಕಿವಿ ಕೆರೆದುಕೊಂಡರು. ಇಪ್ಪತ್ತು ಕೈಗಳು ಟಪ್ಪೆಂದು ಮೇಲೆದ್ದವು. ಕೈ ಕೆಳಗಿಳಿಸಿದರು, ನಾವೂ ಇಳಿಸಿದೆವು. ಮತ್ತೆ ಕೆರೆದುಕೊಂಡರು, ಮತ್ತೆ ಎತ್ತಿದೆವು.

"ಏನಿದು?" ಎಂದರು.

"ಕಸರತ್ತರೀ ಸರ್," ಎಂದರು ಬಾಯಿ. "ಮಳಿಗಾಲದಾಗ ಮಕ್ಕಳ ಮೈ ಜಡ್ಡಗಟ್ಟತೈತಿ."

ಆದರೆ ಆ ಮನುಷ್ಯ ದಡ್ಡನಲ್ಲ. ಹತ್ತೊಂಬತ್ತು ಕೈ ಕಿವಿಗೆ ತಲುಪಿದ್ದನ್ನೂ ಒಂದು ತಲುಪದ್ದನ್ನೂ ನೋಡಿಯಾಗಿತ್ತು. ನನ್ನನ್ನು ಮುಂದೆ ಕರೆದು ಕಿವಿ ಮುಟ್ಟಲು ಹೇಳಿದರು. ಭುಜ ಕಿತ್ತು ಬರುವಂತೆ ಚಾಚಿದೆ. ಮೂರು ವಾರ ನಾದಿದ್ದಕ್ಕೆ ಒಂದು ಬೆರಳು ಲಾಭವಾಗಿತ್ತು. ಇನ್ನೊಂದು ಬೆರಳು ಬಾಕಿ. ಇನ್ಸ್‌ಪೆಕ್ಟರು ನನ್ನ ಹೆಸರು ಹೊಡೆದುಹಾಕಲು ಪೆನ್ನಿನ ಮುಚ್ಚಳ ತೆಗೆದರು. ಬಾಯಿಯವರ ಮುಖ ಬಿಳಿಚಿಕೊಂಡಿತು. ಅವರೂ ಹೆದರುತ್ತಾರೆ ಎಂದು ನನಗೆ ಗೊತ್ತಾದದ್ದು ಆಗಲೇ. ಅದನ್ನು ನೋಡಿ ನನಗೆ ಅಳು ಬಂತು, ತಲೆ ತಾನಾಗಿ ವಾಲಿತು.

"ತಲೆ ವಾಲಿಸಬಾರದು! ನೇರ! ಹೀಗೆ!" ಎಂದು ಇನ್ಸ್‌ಪೆಕ್ಟರು ತಾವೇ ಮಾಡಿ ತೋರಿಸಲು ಬಲಗೈ ಎತ್ತಿದರು. ಕೋಟು ಕಂಕುಳಲ್ಲಿ ಹಿಡಿಯಿತು. ಕೈ ಬೋಳುತಲೆಯ ನಡುವಿಗೆ ಬಂದು ನಿಂತಿತು. ಇನ್ನಷ್ಟು ಎಳೆದರು, ಎಲ್ಲೋ ಒಂದು ಹೊಲಿಗೆ ಪರ್ರೆಂದಿತು, ಕಿವಿ ಮಾತ್ರ ಸಿಗಲಿಲ್ಲ.

ಬಾಯಿ ಅತಿ ವಿನಯದಿಂದ, "ಇರಲಿ ಬಿಡ್ರಿ ಸರ್, ನಿಮ್ಮ ಹೆಸರು ಮುಂದಿನ ವರ್ಷ ಹಚ್ಚಿಕೋತೀನಿ," ಎಂದರು.

ವರ್ಗ ಗೊಳ್ಳೆಂದಿತು. ಅಳುತ್ತಿದ್ದ ನಾನೂ ನಕ್ಕೆ. ಇನ್ಸ್‌ಪೆಕ್ಟರು ಕೆಂಪಗಾಗಿ, ಇಪ್ಪತ್ತು ಎಂದು ಬರೆದು ಸಹಿ ಹಾಕಿ ಎದ್ದುಹೋದರು. ವರ್ಗ ಉಳಿಯಿತು. ಆದರೆ ದೀಪಾವಳಿ ರಜೆ ಮುಗಿಸಿ ಬಂದಾಗ ಬಾಯಿಯವರ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವರನ್ನು ದೂರದ ಗೋರೆಗಾಂವಿಗೆ ಎತ್ತಿಹಾಕಿದ್ದರು. ನನ್ನ ಒಂದು ಬೆರಳಿಗಾಗಿ ಅವರು ಆ ಶಿಕ್ಷೆ ಉಂಡರು.

ಎಸ್ಸೆಸ್ಸಿ ಪಾಸಾದ ಜೂನಿನಲ್ಲಿ ಪೇಢೆಯ ಡಬ್ಬಿ ಹಿಡಿದು, ಲೋಕಲ್ ಹತ್ತಿ ಅವರನ್ನು ಹುಡುಕಿಕೊಂಡು ಹೋದೆ. ಅದೇ ನಮ್ಮ ಕೊನೆಯ ಭೇಟಿ. ಗೋರೆಗಾಂವಿನ ಅವರ ವರ್ಗ ಆ ತಿಂಗಳೇ ಮುಚ್ಚಿತು, ಬಾಯಿ ಊರಿಗೆ ಹೋಗಿಬಿಟ್ಟರು ಎಂದು ಆಮೇಲೆ ತಿಳಿಯಿತು. ನಾನು ಹೋದ ಬೆಳಿಗ್ಗೆ ಕೋಣೆಯಲ್ಲಿ ಇದ್ದವರು ಹನ್ನೊಂದೇ ಮಕ್ಕಳು. ಮೂಲೆಯಲ್ಲಿ ಅದೇ ಕೊಡೆ, ಹಿಡಿ ಮುರಿದಿತ್ತು.

"ಎಲ್ಲಾರೂ ಇಂಗ್ಲಿಷಿಗೆ ಓಡ್ಯಾರವ್ವಾ ಸುಗಂಧಿ. ನನಗೂ ಮೊದಲಿನಂಗ ಓಡಾಕ ಆಗವಲ್ದು," ಎಂದರು. ನಾನು ಪೇಢೆಯ ಡಬ್ಬಿಯನ್ನು ಅವರ ಮುಂದಿಟ್ಟೆ. ಬಾಯಿ ನನ್ನನ್ನೇ ಒಂದು ಗಳಿಗೆ ನೋಡಿ, ಮಾತಿಲ್ಲದೆ ತಮ್ಮ ಎಡಗಿವಿ ಮುಟ್ಟಿಕೊಂಡರು.

ನನ್ನ ಬಲಗೈ ತಾನಾಗಿ ಎದ್ದು, ನೆತ್ತಿ ದಾಟಿ, ಕಿವಿಯನ್ನೂ ದಾಟಿ ಗಲ್ಲಕ್ಕೆ ಬಂತು.

"ಈಗ ನಿನ್ನ ವಯಸ್ಸು ಸರಿ ಆತು ನೋಡು. ಹೋಗು, ಕೂಡ್ರು."

ಹೊರಗೆ ಹೋಗಿ ಚಪ್ಪಲಿಯನ್ನು ಸಾಲಿನ ಕೊನೆಯಲ್ಲಿ ಬಿಟ್ಟು ಬಂದು, ಹಿಂದೆ ನೆಲದ ಮೇಲೆ ಕೂತೆ. ಬಾಯಿ ಹಾಜರಿ ತೆಗೆದುಕೊಂಡರು. ಹನ್ನೊಂದು ಹೆಸರು ಮುಗಿದ ಮೇಲೆ, ಪುಸ್ತಕ ನೋಡದೆ ನನ್ನ ಹೆಸರನ್ನೂ ಕೂಗಿದರು.

"ಹಾಜರ್, ಬಾಯಿ," ಎಂದೆ.

"ಹನ್ನೆರಡು," ಎಂದು ಬರೆದುಕೊಂಡರು.